ಜಾಹೀರಾತು, ಸುದ್ದಿ, ಒಟಿಪಿ: ಇಂಗ್ಲಿಷ್ ಮಾತಿಗೆ ಯಾವ ವಿಷಯಕ್ಕೆ ಯಾವ ಅಭ್ಯಾಸ?

ಪರೀಕ್ಷೆಯಿರಲಿ, ಸಂದರ್ಶನವಿರಲಿ, ಇಂಗ್ಲಿಷ್‌ನಲ್ಲಿ ಮಾತಾಡಿ ಎಂದಾಗ ಮಾಧ್ಯಮ, ತಂತ್ರಜ್ಞಾನ, ಜಾಹೀರಾತು ಈ ಮೂರರಲ್ಲಿ ಒಂದು ಬಂದೇ ಬರುತ್ತದೆ. ಹೆಚ್ಚಿನವರು ಮೂರಕ್ಕೂ ಒಂದೇ ಮದ್ದು ಅರೆಯುತ್ತಾರೆ: ನಾಲ್ಕು ಅನುಕೂಲ, ನಾಲ್ಕು ಅನನುಕೂಲ, ಬಾಯಿಪಾಠ. ಎದುರಿಗಿದ್ದವರು ನಡುವೆ ಒಂದು 'ವೈ?' ಎಂದರೆ ಅಲ್ಲಿಗೆ ಮುಗಿಯಿತು. ಬೇರೆ ಬೇರೆ ಅಭ್ಯಾಸಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾಡಿ ನೋಡಿದರೆ, ಒಂದು ವಿಷಯಕ್ಕೆ ಹೊಂದುವುದು ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ಬೇಗ ತಿಳಿಯುತ್ತದೆ.

ಒಬ್ಬರೇ ಕೂತು ಶುರು ಮಾಡುವವರಿಗೆ ಜಾಹೀರಾತೇ ಒಳ್ಳೆಯದು. ಏನು ಹೇಳಲಿ ಎಂದು ಹುಡುಕಬೇಕಿಲ್ಲ, ಚಿತ್ರವೇ ವಿಷಯ ಕೊಡುತ್ತದೆ. 30 ಸೆಕೆಂಡಿನ ಒಂದು ಜಾಹೀರಾತು ಆರಿಸಿ, ಸದ್ದು ಮ್ಯೂಟ್ ಮಾಡಿ. ಓಡುತ್ತಿರುವಾಗಲೇ ವಿವರಿಸಲು ಹೋಗಬೇಡಿ, ಹಿಂದೆ ಬೀಳುತ್ತೀರಿ. ಮೊದಲ ಸಲ ಪ್ರತಿ ದೃಶ್ಯಕ್ಕೂ ನಿಲ್ಲಿಸಿ ಒಂದೊಂದು ವಾಕ್ಯ ಹೇಳಿ. ಎರಡನೇ ಸಲ ಇದು ಯಾರಿಗಾಗಿ ಮಾಡಿದ್ದು, ಮೂರನೇ ಸಲ ಯಾವ ಆಸೆ ಅಥವಾ ಭಯವನ್ನು ಮುಟ್ಟುತ್ತಿದೆ. ಬಹಳ ಜನ ಮೊದಲ ಮೆಟ್ಟಿಲಲ್ಲೇ ಕೂರುತ್ತಾರೆ: 'ದೇರ್ ಈಸ್ ಎ ಗರ್ಲ್, ದೇರ್ ಈಸ್ ಎ ಕಾರ್, ದೇರ್ ಈಸ್...'. ಎರಡು ಸಲ ಬಳಸಿದ ಮೇಲೆ 'ದೇರ್ ಈಸ್' ನಿಷಿದ್ಧ ಎಂದು ನಿಮಗೆ ನೀವೇ ಕಟ್ಟುಪಾಡು ಹಾಕಿಕೊಳ್ಳಿ. ಆಗ ಕ್ರಿಯಾಪದಗಳು ತಾವಾಗಿ ಹೊರಬರುತ್ತವೆ.

ತಂತ್ರಜ್ಞಾನಕ್ಕೆ 4-3-2 ಅಭ್ಯಾಸವೇ ಸರಿ. ಭಾಷಾಬೋಧನೆಯ ವಿದ್ವಾಂಸ ಪಾಲ್ ನೇಷನ್ ಅವರ ಬರಹಗಳಿಂದ ಹೆಚ್ಚು ಪರಿಚಿತವಾದ ಪದ್ಧತಿಯಿದು: ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ 4 ನಿಮಿಷ, 3 ನಿಮಿಷ, ಕೊನೆಗೆ 2 ನಿಮಿಷದಲ್ಲಿ ಹೇಳುವುದು. ಹೊಸಬರು 3-2-1 ಮಾಡಿದರೂ ನಡೆಯುತ್ತದೆ. ಒಟಿಪಿ ಹೇಗೆ ಕೆಲಸ ಮಾಡುತ್ತದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಏನಾಗುತ್ತದೆ ಎಂಬಂಥ ವಿಷಯಗಳಲ್ಲಿ ಹಂತಗಳ ಕ್ರಮ ಬದಲಾಗುವುದಿಲ್ಲ. ಗಮನವೆಲ್ಲ ಭಾಷೆಗೇ ಸಿಗುತ್ತದೆ. 'ದೇ ವಿಲ್ ಸೆಂಡ್' ಎನ್ನುವ ಬಾಯಿಗೆ 'ದಿ ಕೋಡ್ ಈಸ್ ಸೆಂಟ್' ರೂಢಿಯಾಗುವುದೂ ಇಲ್ಲೇ.

ಕನ್ನಡದವರ ತೊಡಕು ಈ ಅಭ್ಯಾಸದಲ್ಲಿ ಬೆತ್ತಲಾಗಿ ಕಾಣುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಕರ್ತೃವಿನ ಬೆನ್ನಿಗೇ ಬೇಕು. ಅದಕ್ಕೇ 'ದಿ ಬ್ಯಾಂಕ್...' ಎಂದೊಡನೆ ಉದ್ದನೆಯ 'ಆಆ'. 'ನಿನ್ನೆ ನೋಡಿದ ಜಾಹೀರಾತು' ಎನ್ನುವಾಗ ವಿವರಣೆ ಹೆಸರಿಗಿಂತ ಮೊದಲು ಬರುತ್ತದೆ, ಇಂಗ್ಲಿಷ್‌ನಲ್ಲಿ ಆಮೇಲೆ: 'ದಿ ಆ್ಯಡ್ ಐ ಸಾ ಯೆಸ್ಟರ್‌ಡೇ'. ಮನಸ್ಸಿನಲ್ಲಿ ಕನ್ನಡ ಪೂರ್ತಿ ಕಟ್ಟಿ ತಿರುಗಿಸಲು ಹೊರಟರೆ ಪ್ರತಿ ವಾಕ್ಯವನ್ನೂ ಬುಡಮೇಲು ಮಾಡಬೇಕು. ಸಮಯ ಕಡಿಮೆಯಾದಂತೆ ಈ ಅನುವಾದಕ್ಕೆ ಪುರುಸೊತ್ತು ಸಿಗುವುದಿಲ್ಲ. 4-3-2ರ ನಿಜವಾದ ಲಾಭ ಅದು. ಆದರೆ ಇದರಲ್ಲಿ ಎರಡು ಅಪಾಯಗಳಿವೆ. ಮೂರನೇ ಸುತ್ತಿನಲ್ಲಿ ವೇಗ ಹೆಚ್ಚಿಸುವ ಬದಲು ಅರ್ಧ ವಿಷಯವನ್ನೇ ಬಿಟ್ಟುಬಿಡುವುದು ಒಂದು. ಒಂದೇ ತಪ್ಪನ್ನು ಮೂರು ಸಲ ಹೇಳಿ ಗಟ್ಟಿ ಮಾಡಿಕೊಳ್ಳುವುದು ಇನ್ನೊಂದು. ಮೊದಲ ಸುತ್ತನ್ನು ರೆಕಾರ್ಡ್ ಮಾಡಿ, ಒಂದು ನಿಮಿಷದಷ್ಟನ್ನು ಅಕ್ಷರಶಃ ಬರೆದು, ಎರಡೇ ಎರಡು ತಪ್ಪು ತಿದ್ದಿ ಮುಂದೆ ಹೋಗಿ. ಹತ್ತು ತಪ್ಪು ತಿದ್ದಲು ಹೋದರೆ ಬಾಯೇ ಕಟ್ಟುತ್ತದೆ.

ಸುದ್ದಿ ಕೇಳುತ್ತ ಅರೆ ಕ್ಷಣ ಹಿಂದೆ ಅದನ್ನೇ ಹೇಳುವ ಶ್ಯಾಡೋಯಿಂಗ್‌ಗೆ ಅದರ ಯೋಗ್ಯತೆಗಿಂತ ಹೆಚ್ಚು ಪ್ರಚಾರ ಸಿಕ್ಕಿದೆ. ನಾಲಿಗೆ ಪಳಗುತ್ತದೆ, ಒತ್ತು (ಪದದ ಯಾವ ಭಾಗವನ್ನು ಬಲವಾಗಿ ಹೇಳಬೇಕು ಎಂಬುದು) ತಿಳಿಯುತ್ತದೆ, ಅಷ್ಟೇ. ಸ್ವಂತ ವಾಕ್ಯ ಹುಟ್ಟುವುದಿಲ್ಲ. ಒತ್ತಿಗಾದರೆ ಇದು ಬೇಕೇ ಬೇಕು: 'ಟೆಕ್ನಾಲಜಿ'ಯಲ್ಲಿ ಒತ್ತು 'ನಾ' ಮೇಲೆ, 'ಟೆಕ್ನಲಾಜಿಕಲ್' ಆದಾಗ 'ಲಾ'ಗೆ ಜಾರುತ್ತದೆ. 'ಅಡ್ವರ್ಟೈಸ್‌ಮೆಂಟ್' ಪದಕ್ಕೆ ಬ್ರಿಟಿಷರು 'ವರ್' ಮೇಲೆ, ಅಮೆರಿಕನ್ನರು 'ಟೈಸ್' ಮೇಲೆ ಒತ್ತು ಹಾಕುತ್ತಾರೆ. ಯಾವುದಾದರೂ ಸರಿ, ಎರಡನ್ನೂ ಬೆರೆಸಬೇಡಿ. 'ನ್ಯೂಸ್' ಕೊನೆಯಲ್ಲಿರುವುದು ನಮ್ಮ 'ಸ್' ಅಲ್ಲ, ದುಂಬಿ ಗುಂಯ್ಗುಡುವಂಥ ಸದ್ದು. ಅಮೆರಿಕದ ಬಾನುಲಿ ಸಂಸ್ಥೆ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ಸ್ಪೆಷಲ್ ಇಂಗ್ಲಿಷ್ ಸುದ್ದಿಗಳು ಸುಮಾರು 1,500 ಪದಗಳ ಮಿತಿಯಲ್ಲಿ, ನಿಧಾನಗತಿಯಲ್ಲಿದ್ದವು. ಕೇಳಿ ಅರ್ಥಮಾಡಿಕೊಳ್ಳಲು ಅಂಥ ನಿಧಾನ ಓದು ಚೆನ್ನ, ಶ್ಯಾಡೋಯಿಂಗ್‌ಗೆ ಅಲ್ಲ: ಪದಪದ ಬಿಡಿಸಿ ಹೇಳುವ ಚಾಳಿ ಅಂಟಿಕೊಳ್ಳುತ್ತದೆ. ಸಹಜ ವೇಗದ 20 ಸೆಕೆಂಡನ್ನು ಆರೇಳು ಸಲ ಹೇಳುವುದೇ ಮೇಲು.

ಮಾಧ್ಯಮದ ಪ್ರಶ್ನೆಗಳೆಲ್ಲ ಕೊನೆಗೆ ಅಭಿಪ್ರಾಯಕ್ಕೇ ಬಂದು ನಿಲ್ಲುತ್ತವೆ, ಅದಕ್ಕೆ ಎದುರಾಳಿ ಬೇಕು. ಇಬ್ಬರಿದ್ದರೆ ತಲಾ 90 ಸೆಕೆಂಡ್, ಸ್ಟಾಪ್‌ವಾಚ್ ಕಡ್ಡಾಯ. ಇಲ್ಲದಿದ್ದರೆ ಚುರುಕಿನವರೇ ಪೂರ್ತಿ ಹೊತ್ತು ನುಂಗುತ್ತಾರೆ. ಎದುರಿನವರ ಮಾತನ್ನು ಒಂದು ವಾಕ್ಯದಲ್ಲಿ ತಿರುಗಿ ಹೇಳಿದ ಮೇಲಷ್ಟೇ ಉತ್ತರ. ವಾದಕ್ಕೆ ಸರಕೂ ಬೇಕು. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಬೇಕೇ ಎಂಬ ಚರ್ಚೆಗೆ, ಕೆನಡಾದ ಕ್ವಿಬೆಕ್ ಪ್ರಾಂತ್ಯ 13ರೊಳಗಿನ ಮಕ್ಕಳಿಗೆ, ಸ್ವೀಡನ್ ಟಿವಿಯಲ್ಲಿ 12ರೊಳಗಿನವರಿಗೆ ಅದನ್ನು ನಿಷೇಧಿಸಿರುವುದು ಗೊತ್ತಿದ್ದರೆ 'ಐ ಥಿಂಕ್ ಇಟ್ ಈಸ್ ಬ್ಯಾಡ್' ಎಂಬಲ್ಲಿಂದ ಮಾತು ಮುಂದೆ ಸಾಗುತ್ತದೆ.

ಜೊತೆಗಾರರಿಲ್ಲದಿದ್ದರೆ ಮಾತಾಡುವ ಎಐ ಬಾಟ್ ಇದೆ. ನಾಚಿಕೆಯಿಲ್ಲ, ನಡುರಾತ್ರಿಯಲ್ಲೂ ಸಿಗುತ್ತದೆ. ಆದರೆ ಉಚ್ಚಾರಣೆಗೆ ಅದನ್ನು ನಂಬಬೇಡಿ: ಸಂದರ್ಭ ನೋಡಿ ಪದ ಊಹಿಸುವುದರಿಂದ ನೀವು ತಪ್ಪಾಗಿ ಉಚ್ಚರಿಸಿದ್ದೂ ಸರಿಯಾಗಿಯೇ ಬರಹಕ್ಕಿಳಿಯುತ್ತದೆ. ಯೋಚಿಸಲು ಎರಡು ಕ್ಷಣ ನಿಂತರೆ ಮಾತು ಮುಗಿಯಿತೆಂದುಕೊಂಡು ತಾನೇ ಶುರು ಮಾಡುತ್ತದೆ. ಗುಂಡಿ ಒತ್ತಿ ಹಿಡಿದು ಮಾತಾಡುವ ವ್ಯವಸ್ಥೆಯಿದ್ದರೆ ಅದನ್ನೇ ಬಳಸಿ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗುಣವೂ ಇದೆ. ಆದ್ದರಿಂದ ಆರಂಭದಲ್ಲೇ ಮೂರು ಷರತ್ತು ಹಾಕಿ: ನನ್ನ ಮಾತನ್ನು ವಿರೋಧಿಸು, ನಡುವೆ ತಿದ್ದಬೇಡ, ಕೊನೆಯಲ್ಲಿ ಮೂರೇ ತಪ್ಪು ತೋರಿಸು.