30 ಸೆಕೆಂಡ್ ಟಿವಿ ಆ್ಯಡಿಗೆ ಕಾಲೇಜಿನ ಡಿಎಸ್‌ಎಲ್‌ಆರ್ ಒಳ್ಳೇದಾ, ಕೈಲಿರೋ ಫೋನ್ ಒಳ್ಳೇದಾ?

ಜರ್ನಲಿಸಂ ಓದೋರಿಗೆ ಟಿವಿ ಆ್ಯಡ್ ಪ್ರಾಜೆಕ್ಟ್ ಬಂದ ತಕ್ಷಣ ಶುರುವಾಗೋ ಜಗಳ ಇದೇ. ನಮ್ಮ ತಂಡ ತಗೊಂಡಿದ್ದು ರಾಗಿ ಹುರಿಹಿಟ್ಟು, ಊರಿನ ಮಹಿಳಾ ಸಂಘದವರು ಮಾಡಿ ಮಾರೋದು. ಜಗಳ ಬೇಡ ಅಂತ ಮುಖ್ಯವಾದ ಶಾಟನ್ನೆಲ್ಲ ಎರಡರಲ್ಲೂ ತೆಗೆದ್ವಿ, ಆಮೇಲೆ ಕ್ಲಾಸಲ್ಲಿರೋ ದೊಡ್ಡ ಟಿವಿಗೇ ಹಾಕಿ ನೋಡಿದ್ವಿ, ಯಾಕಂದ್ರೆ ಫೋನ್ ಸ್ಕ್ರೀನಲ್ಲಿ ಎರಡೂ ಒಂದೇ ಥರ ಚೆನ್ನಾಗೇ ಕಾಣುತ್ತೆ, ವ್ಯತ್ಯಾಸ ಗೊತ್ತಾಗೋದು ಟಿವಿಯಲ್ಲೇ.

ಮೊದಲು ಸೆಟ್ಟಿಂಗ್ ವಿಷಯ. ನಮ್ಮಲ್ಲಿ ಟಿವಿಗೆ ಸೆಕೆಂಡಿಗೆ 25 ಫ್ರೇಮ್, ಅಂದ್ರೆ 30 ಸೆಕೆಂಡಿಗೆ 750 ಫ್ರೇಮ್. ಡಿಎಸ್‌ಎಲ್‌ಆರ್ ಮೆನುವಲ್ಲಿ ಪಾಲ್ (PAL, ನಮ್ಮ ಟಿವಿ ಪದ್ಧತಿಯ ಹೆಸರು) ಅಂತ ಆರಿಸಿದ್ರೆ 25 ಬರುತ್ತೆ, ಶಟರ್, ಅಂದ್ರೆ ಪ್ರತಿ ಫ್ರೇಮಿಗೆ ಬೆಳಕು ಒಳಗೆ ಬಿಡೋ ಹೊತ್ತು, 1/50 ಸೆಕೆಂಡ್ ಇಟ್ರೆ ಮುಗೀತು. ಫೋನ್ ಹಾಗಲ್ಲ, ಅದು ತನ್ನಷ್ಟಕ್ಕೆ 30 ಇಟ್ಕೊಂಡಿರುತ್ತೆ, ಶಟರನ್ನೂ ತಾನೇ ಬದಲಾಯಿಸ್ತಾ ಇರುತ್ತೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಚೋಕ್ ಇರೋ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ, ಶಟರ್ ಅದಕ್ಕೆ ಹೊಂದದಿದ್ರೆ ಗೋಡೆ ಮೇಲೆ ಪಟ್ಟೆ ಪಟ್ಟೆ ಓಡಾಡುತ್ತೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನೋ ಆ್ಯಪ್ ಪುಕ್ಕಟೆ ಸಿಗುತ್ತೆ, ಅದರಲ್ಲಿ 25ನ್ನೂ 1/50ನ್ನೂ ಲಾಕ್ ಮಾಡಿದ್ಮೇಲೆ ಅಡುಗೆಮನೆ ಶಾಟ್‌ಗಳಲ್ಲಿ ಫೋನ್ ಯಾವುದಕ್ಕೂ ಕಮ್ಮಿ ಇರ್ಲಿಲ್ಲ.

ಆದ್ರೆ ಬಿಸಿಲಿಗೆ ಬಂದ್ರೆ ಕಥೆನೇ ಬೇರೆ. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತು) ಬದಲಾಯಿಸೋಕಾಗಲ್ಲ, ಅಂಗಳದಲ್ಲಿ 1/50 ಇಟ್ರೆ ಎಲ್ಲಾ ಬೆಳ್ಳಗೆ ಸುಟ್ಟೋಗುತ್ತೆ, ಲೆನ್ಸಿಗೆ ಕೂಲಿಂಗ್ ಗ್ಲಾಸ್ ಥರ ಬೆಳಕು ಕಮ್ಮಿ ಮಾಡೋ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಡಿಎಸ್‌ಎಲ್‌ಆರಲ್ಲಿ ಆ ತೂತನ್ನ ಎಫ್/16ಕ್ಕೆ ಕಿರಿದು ಮಾಡಿ ಹೇಗೋ ಸುಧಾರಿಸಬಹುದು.

ಪ್ಯಾಕ್‌ಶಾಟ್, ಅಂದ್ರೆ ಮಾರೋ ವಸ್ತುವನ್ನೇ ಹತ್ತಿರದಿಂದ ತೋರಿಸೋ ಶಾಟು, ಅದನ್ನಂತೂ ಕಣ್ಮುಚ್ಚಿ ಡಿಎಸ್‌ಎಲ್‌ಆರಿಗೇ ಕೊಡ್ತೀನಿ. ಲೋಟಕ್ಕೆ ಬಿಸಿ ಹಾಲು ಸುರಿದು, ಹಿಟ್ಟು ಹಾಕಿ ಕಲಸೋ ಶಾಟು. ಕಿಟಕಿ ಬೆಳಕು ಲೋಟದ ಹಿಂದಿನಿಂದ ಓರೆಯಾಗಿ ಬರೋ ಹಾಗೆ ಇಟ್ಟು, ಹಿಂದೆ ಕಪ್ಪು ಬಟ್ಟೆ ಕಟ್ಟಿದ್ವಿ, ಹಬೆ ಏಳೋದು ಎಳೆ ಎಳೆಯಾಗಿ ಕಾಣಿಸ್ತು. ಇದೇ ಶಾಟು ಫೋನಲ್ಲಿ ಟಿವಿಗೆ ಬಂದಾಗ ಲೋಟದ ಅಂಚು ಚಾಕು ಹಾಕಿ ಕೆತ್ತಿದ ಹಾಗೆ, ಫೋನು ತಾನಾಗೇ ಶಾರ್ಪ್ ಮಾಡಿಬಿಡುತ್ತಲ್ಲ, ಹಬೆ ಮಾತ್ರ ಮಸುಕು. ಆಹಾರದ ಆ್ಯಡಲ್ಲಿ ಈ ಮೂರು ಸೆಕೆಂಡೇ ನೋಡೋರ ಬಾಯಲ್ಲಿ ನೀರು ತರಿಸೋದು, ಇಲ್ಲಿ ರಾಜಿ ಮಾಡ್ಕೋಬೇಡಿ.

ನಟನೆ ವಿಷಯಕ್ಕೆ ಬಂದ್ರೆ ಫೋನೇ ಗೆದ್ದಿದ್ದು. ಪಾತ್ರ ಮಾಡಿದ್ದು ಗೆಳತಿಯ ಅಜ್ಜಿ. ಟ್ರೈಪಾಡ್ ಮೇಲೆ ದೊಡ್ಡ ಕ್ಯಾಮೆರಾ ಇಟ್ಟು "ಅಜ್ಜಿ, ಈಗ ಹೇಳಿ" ಅಂದ್ರೆ ಸೆಟೆದು ಕೂತು ಪಾಠ ಒಪ್ಪಿಸ್ತಿದ್ರು. ಫೋನ್ ಹಿಡ್ಕೊಂಡು ಎದುರಿಗೆ ಕೂತು ಮಾತಾಡಿಸ್ತಾ ತೆಗೆದ್ರೆ "ಕುಡಿ ಮಗಾ, ಆರಿ ಹೋಗುತ್ತೆ" ಅಂತ ಸ್ಕ್ರಿಪ್ಟಲ್ಲೇ ಇಲ್ಲದ ಮಾತು ಬಂತು, ಆ್ಯಡಲ್ಲಿ ಉಳಿದಿದ್ದೂ ಅದೇ. ಸೆರಗಿಗೆ ಸಿಕ್ಕಿಸೋ ಕಾಲರ್ ಮೈಕ್ ಫೋನಿಗೆ ನೇರ ಹಾಕಬಹುದು, ನಮಗೆ ಸಿಕ್ಕಿದ್ದ ಡಿಎಸ್‌ಎಲ್‌ಆರಿಗೆ ಮೈಕ್ ಜ್ಯಾಕೇ ಇಲ್ಲ, ಸೌಂಡನ್ನ ಬೇರೆ ರೆಕಾರ್ಡ್ ಮಾಡಿ ಚಪ್ಪಾಳೆ ತಟ್ಟಿ, ಆ ಸದ್ದು ಹಿಡಿದು ಚಿತ್ರಕ್ಕೆ ಹೊಂದಿಸ್ಬೇಕಿತ್ತು. ಹಾಗಂತ ವಾಯ್ಸ್‌ಓವರ್ (ಚಿತ್ರದ ಮೇಲೆ ಓದೋ ಹಿನ್ನೆಲೆ ಮಾತು) ಮಾತ್ರ ಲೊಕೇಶನ್ನಲ್ಲಿ ಮಾಡ್ಬೇಡಿ, ಹಾಸಿಗೆ ಕಂಬಳಿ ತುಂಬಿರೋ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಾಡಿ. 30 ಸೆಕೆಂಡಿಗೆ ಸಮಾಧಾನವಾಗಿ ಓದೋಕೆ ಕನ್ನಡದಲ್ಲಿ 50 ಪದ ಸಾಕು, ಜಾಸ್ತಿ ತುರುಕಿದ್ರೆ ಕ್ರಿಕೆಟ್ ಕಾಮೆಂಟ್ರಿ ಆಗುತ್ತೆ.

ಎಡಿಟಿಂಗಿಗೆ ಫೋನಲ್ಲಿರೋ ಕೈನ್‌ಮಾಸ್ಟರ್ ಆ್ಯಪಲ್ಲಿ ಬೇಗ ಆಗುತ್ತೆ, ಆದ್ರೆ ದುಡ್ಡು ಕೊಡದಿದ್ರೆ ವಾಟರ್‌ಮಾರ್ಕ್ ಬರುತ್ತೆ. ಕಂಪ್ಯೂಟರಲ್ಲಿ ಎಡಿಟ್ ಮಾಡೋ ಡಾವಿಂಚಿ ರಿಸಾಲ್ವ್ ಪುಕ್ಕಟೆ ವರ್ಶನ್ನಲ್ಲಿ ಅದಿಲ್ಲ, ಎರಡು ಕ್ಯಾಮೆರಾದ ಬಣ್ಣ ಹೊಂದಿಸೋಕೂ ಅದೇ ಸರಿ, ಕಂಪ್ಯೂಟರ್ ಮಾತ್ರ ಗಟ್ಟಿಯಾಗಿರ್ಬೇಕು. ಕನ್ನಡ ಅಕ್ಷರ ಹಾಕುವಾಗ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದಿದೆಯಾ ಅಂತ ಯಾವ ಸಾಫ್ಟ್‌ವೇರಾದ್ರೂ ನೋಡ್ಕೊಳ್ಳಿ. ಒಡೆದಿದ್ರೆ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ, ಹಿಂದೆ ಬಣ್ಣ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಟೈಮ್‌ಲೈನಿಗೆ ಎಳೆದು ಹಾಕಿ. ಅಕ್ಷರ ಅಂಚಿಗೆ ಅಂಟಿಸ್ಬೇಡಿ, ಕೆಲವು ಟಿವಿ ಸುತ್ತಲೂ ಸ್ವಲ್ಪ ಕತ್ತರಿಸುತ್ತೆ, ಸಂಘದ ಫೋನ್ ನಂಬರೇ ಅರ್ಧ ಹೋದ್ರೆ ಆ್ಯಡ್ ನೋಡಿದೋರು ಹುರಿಹಿಟ್ಟಿಗೆ ಯಾರಿಗೆ ಫೋನ್ ಮಾಡ್ತಾರೆ?