ಎರಡು ಮಳೆಗಾಲ ಕಳೆದ ವಾಕಿಟಾಕಿ: ಆ 'ಪ್ರೈವಸಿ ಕೋಡ್' ಮಾತ್ರ ನಂಬಬೇಡಿ

ಶಿರಸಿಯಿಂದ ಒಳಗಿನ ಊರು ನಮ್ಮದು. ಮನೆ ಮೇಲೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. ತೋಟಕ್ಕೆ ಇಳಿದರೆ ಮೊಬೈಲ್ ಇದ್ದೂ ಇಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಎರಡು ಜೋಡಿ ವಾಕಿಟಾಕಿ ತರಿಸಿದೆ. ನಾಲ್ಕರಲ್ಲಿ ಒಂದು ಹಳ್ಳಕ್ಕೆ ಬಿತ್ತು, ಅದು ನನ್ನ ತಪ್ಪು, ಕಂಪನಿಯದಲ್ಲ. ಉಳಿದ ಮೂರು ಈಗಲೂ ನಡೀತಿವೆ.

ಬ್ಯಾಟರಿ, ತೂಕ ಎಲ್ಲ ಡಬ್ಬಿ ಮೇಲೇ ಇದೆ, ಓದಿಕೊಳ್ಳಿ. ಹತ್ತು ಕಿಲೋಮೀಟರ್ ಅಂತ ಬರೆದಿದ್ದನ್ನು ನಂಬಬೇಡಿ. ಅರ್ಧ ವ್ಯಾಟ್‌ನ ಸೆಟ್ಟು, ನಮ್ಮ ಗುಡ್ಡಗಳ ನಡುವೆ ಒಂದು ಕಿಲೋಮೀಟರ್ ಹೋದರೆ ಪುಣ್ಯ. ನಮಗೆ ಅಷ್ಟು ಸಾಕು. ತಗೊಳ್ಳುವಾಗ 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನದ್ದೇ ಹೌದಾ ನೋಡಿ, ಅದಕ್ಕೆ 2018ರಿಂದ ಲೈಸೆನ್ಸ್ ಬೇಡ.

ನನ್ನ ಸಿಟ್ಟು ಬೇರೆ. ಮೊದಲ ವರ್ಷ ಗುಡ್ಡದಾಚೆ ಮನೆಯವರೂ ಇದೇ ಸೆಟ್ ತಂದರು. ಇಬ್ಬರದೂ ಒಂದನೇ ಚಾನೆಲ್. ಅವರು ಆಳಿಗೆ ಹೇಳಿದ್ದೆಲ್ಲ ನಮ್ಮ ಅಡುಗೆಮನೆಯಲ್ಲಿ ಕೇಳೋದು. ಸೆಟ್ಟಿನ ಜೊತೆ ಬಂದ ಪುಸ್ತಕ ತೆಗೆದರೆ 'ಪ್ರೈವಸಿ ಕೋಡ್ ಹಾಕಿಕೊಳ್ಳಿ' ಅಂತ ಇತ್ತು. ಹಾಕಿದೆ. ಗಲಾಟೆ ಪೂರ್ತಿ ನಿಂತಿತು. ಭಾರೀ ಖುಷಿ.

ಆಮೇಲೆ ಮಾರ್ಚ್ ತಿಂಗಳಲ್ಲಿ ಒಂದು ದಿನ ತ್ರೀ ಫೇಸ್ ಬಂತು ಅಂತ ಆಯಿ, ಅಂದರೆ ನನ್ನ ಅಮ್ಮ, ಮನೆಯಲ್ಲಿ ಮೋಟರ್ ಚಾಲೂ ಮಾಡಿದಳು. ಕೆಳಗೆ ಪೈಪಿನ ಜಾಯಿಂಟ್ ಕಿತ್ತು ನೀರು ಆಳೆತ್ತರ ಹಾರಿತು. ಗುಂಡಿ ಒತ್ತಿ 'ಮೋಟರ್ ಬಂದ್ ಮಾಡು' ಅಂತ ನಾಲ್ಕು ಸಲ ಕೂಗಿದೆ. ಉತ್ತರವೇ ಇಲ್ಲ. ಓಡಿ ಮೇಲೆ ಹತ್ತುವಷ್ಟರಲ್ಲಿ ಎರಡು ಕಾಳುಮೆಣಸಿನ ಬಳ್ಳಿಯ ಬುಡದ ಮಣ್ಣು ತೊಳೆದು ಹೋಗಿತ್ತು. ಆಯಿ ಸೆಟ್ಟನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದಳು. 'ಇದು ಕೂಗಿದ್ದೇ ಇಲ್ಲ ತಮಾ' ಅಂದಳು.

ಸೆಟ್ ಕೆಟ್ಟಿದೆ ಅಂದುಕೊಂಡು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಬೇರೆ ಕೋಡ್ ಹಾಕಿ ನೋಡಿ ಸರ್' ಅಂದರು. ಹಾಕಿದೆ, ಮತ್ತೆ ಅದೇ ಕಥೆ. ಕೊನೆಗೆ ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ಬಿಡಿಸಿ ಹೇಳಿದ. ಕೋಡ್ ಅಂದರೆ ಬೇರೆ ದಾರಿಯೂ ಅಲ್ಲ, ಬೀಗವೂ ಅಲ್ಲ. ಮಾತಿನ ಅಡಿಯಲ್ಲಿ ಒಂದು ಸಣ್ಣ ಗುಂಯ್ ಸದ್ದು ಸೇರಿಸುತ್ತಾರೆ, ಸುಮಾರು 67ರಿಂದ 250 ಹರ್ಟ್ಸ್ ಒಳಗಿನದು, ನಮ್ಮ ಕಿವಿಗೆ ಬೀಳದ ಹಾಗೆ ಸೆಟ್ಟೇ ಸೋಸಿ ಬಿಡುತ್ತದೆ. ಆ ಸದ್ದು ಇದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಆಚೆ ಮನೆಯವರ ಸಿಗ್ನಲ್ ಗಾಳಿಯಲ್ಲಿ ಇದ್ದೇ ಇದೆ, ನಾವು ಕಿವಿ ಮುಚ್ಚಿಕೊಂಡಿದ್ದೇವೆ ಅಷ್ಟೆ. ಅವರದೂ ನಮ್ಮ ಮನೆಯೂ ಎತ್ತರದಲ್ಲಿ, ನಾನು ಕೆಳಗೆ ಕಣಿವೆಯಲ್ಲಿ. ಈ ಸೆಟ್ಟು ಮಾತು ಕಳಿಸೋದು ಎಫ್‌ಎಂ ಪದ್ಧತಿಯಲ್ಲಿ, ಅದರಲ್ಲಿ ಒಂದೇ ಚಾನೆಲ್‌ಗೆ ಎರಡು ಸಿಗ್ನಲ್ ಬಂದರೆ ಜೋರಿದ್ದದ್ದು ಇನ್ನೊಂದನ್ನು ನುಂಗುತ್ತದೆ. ನಾನು ಕೂಗುವಾಗ ಅವರೂ ಮಾತಾಡುತ್ತಿದ್ದರು, ಅವರದ್ದು ಗೆದ್ದಿತು, ಅದರಲ್ಲಿ ನಮ್ಮ ಕೋಡ್ ಇಲ್ಲ, ಆಯಿಯ ಸೆಟ್ ಬಾಯಿ ಮುಚ್ಚಿತು. ಕೋಡ್ ಇಲ್ಲದಿದ್ದರೆ ಅವಳಿಗೆ ಕಡೇಪಕ್ಷ ಅವರ ಮಾತಾದರೂ ಕೇಳುತ್ತಿತ್ತು, ಲೈನ್ ಖಾಲಿ ಇಲ್ಲ ಅಂತ ಗೊತ್ತಾಗುತ್ತಿತ್ತು. ಇಷ್ಟನ್ನು ಪುಸ್ತಕದಲ್ಲಿ ಒಂದು ಸಾಲು ಬರೆಯೋಕೆ ಏನು ಕಷ್ಟ?

'ಬೇರೆಯವರು ಮಾತಾಡುತ್ತಿದ್ದರೆ ಗುಂಡಿ ಒತ್ತಿದರೂ ಹೋಗದ ಹಾಗೆ' ಮಾಡುವ ಲಾಕ್ ಒಂದಿದೆ. ಅದೂ ನನ್ನ ಕೆಲಸಕ್ಕೆ ಬರಲಿಲ್ಲ. ಗುಡ್ಡ ಅಡ್ಡ ಇರೋದರಿಂದ ಅವರ ಸಿಗ್ನಲ್ ನನ್ನ ಸೆಟ್ಟಿಗೆ ಮುಟ್ಟುವುದೇ ಇಲ್ಲ, ಇನ್ನು ಲಾಕ್ ಆಗೋದು ಹೇಗೆ?

ಮರುದಿನ ಆಚೆ ಮನೆಗೆ ಹೋಗಿ ಕವಳ (ಎಲೆ ಅಡಿಕೆ) ಹಾಕುತ್ತಾ ಅರ್ಧ ಗಂಟೆಯಲ್ಲಿ ಬಗೆಹರಿಸಿಕೊಂಡೆವು. ಹದಿನಾರು ಚಾನೆಲ್‌ನಲ್ಲಿ ನಮಗೆ ನಾಲ್ಕನೆಯದು, ಅವರಿಗೆ ಹನ್ನೆರಡನೆಯದು. ಒತ್ತೊತ್ತಿಗೆ ಬೇಡ ಅಂತ ಬೇಕಂತಲೇ ಅಂತರ ಬಿಟ್ಟೆವು. ಎರಡೂ ಮನೆಯಲ್ಲಿ ಕೋಡ್ ತೆಗೆದೆವು. ಅಲ್ಲಿಂದ ಈ ಸೆಟ್ಟಿನ ಮೇಲೆ ನನಗೆ ಪ್ರೀತಿ ಶುರುವಾಯಿತು ಅನ್ನಬೇಕು.

ಮನೆಯೊಳಗಿನ ಡಿಕ್ಕಿ ಮಾತ್ರ ಉಳಿದಿತ್ತು. ನಾನು ತೋಟದಲ್ಲಿ, ಹೆಂಡತಿ ಸೊಪ್ಪಿನ ಬೆಟ್ಟದಲ್ಲಿ. ನಮ್ಮಿಬ್ಬರಿಗೆ ಒಬ್ಬರದೊಬ್ಬರಿಗೆ ಕೇಳುವುದಿಲ್ಲ, ಆಯಿಗೆ ಇಬ್ಬರದೂ ಕೇಳುತ್ತದೆ. ಒಟ್ಟಿಗೆ ಒತ್ತಿದರೆ ಅವಳಿಗೆ ಬರೀ ಗರ್ರ್. ಅದಕ್ಕೆ ಆಯಿಯೇ ಕ್ರಮ ಮಾಡಿದಳು. ಮೊದಲು 'ಆಯಿ, ಹೇಳ್ಲಾ?' ಅಂತ ಚುಟುಕಾಗಿ ಕೇಳಬೇಕು. ಅವಳು 'ಹೇಳು ತಮಾ' ಅಂದಮೇಲೆ ಉಳಿದ ಮಾತು. ಆ 'ಹೇಳು ತಮಾ' ಬೆಟ್ಟಕ್ಕೂ ಕೇಳುತ್ತದೆ, ಹೆಂಡತಿ ಸುಮ್ಮನಿರುತ್ತಾಳೆ. ಇದನ್ನು ಕೇಳಿ ಅಳಿಯ ನಕ್ಕಿದ್ದೇ ನಕ್ಕಿದ್ದು. ವೈಫೈನಲ್ಲೂ ಇದೇ ಉಪಾಯ ಇದೆಯಂತೆ, ಕಳಿಸಲಾ ಅಂತ ಮೊದಲು ಕೇಳೋದು, ಕಳಿಸು ಅಂದಮೇಲೆ ಕಳಿಸೋದು.

ಈಗ ಬೆಳಿಗ್ಗೆ ಏಳೂವರೆಗೆ ಸೆಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ರಬ್ಬರ್ ಬಿಗಿದು, ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುತ್ತೇನೆ. ಒಂಬತ್ತಕ್ಕೆ 'ದೋಸೆ ಆತು, ಬಾ' ಅಂತ ಬರುತ್ತದೆ. ಹಿಂದೆ ಇದಕ್ಕೆ ಮಗಳು ತೋಟದ ಮೇಲಿನ ದಿಬ್ಬದಲ್ಲಿ ನಿಂತು ಕೂಗಬೇಕಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕತ್ತರಿಸಿದ್ದು ಆ ಪುಸ್ತಕಕ್ಕೆ. ಗುಟ್ಟಿನ ಮಾತಾಡೋಕಂತೂ ತಗೊಳ್ಳಬೇಡಿ, ಚಾನೆಲ್ ತಿರುಗಿಸಿದವರಿಗೆಲ್ಲ ಕೇಳುತ್ತದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆಯಿ ಮೆಲ್ಲಗೆ ಹನ್ನೆರಡನೇ ಚಾನೆಲ್‌ಗೆ ತಿರುಗಿಸುತ್ತಾಳೆ. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು: 'ಆಚೆ ಮನೇಲಿ ಇವತ್ತು ಅಪ್ಪೆಹುಳಿಯಡ.'