ಮನೆಯ ಚಿತ್ರವನ್ನು ಡಿವಿಡಿಗೆ ಇಳಿಸುವ ಮೂರು ದಾರಿಗಳು: ಒಂದು ಹೋಲಿಕೆ

ಹಲವು ವರ್ಷಗಳಿಂದ ಕ್ಯಾಮ್‌ಕಾರ್ಡರಿನಲ್ಲಿಯೂ ಮೊಬೈಲಿನಲ್ಲಿಯೂ ಸೆರೆಹಿಡಿದಿದ್ದ ಮನೆಯವರ ದೃಶ್ಯಗಳನ್ನು ಸಂಕಲಿಸಿ ನಾನು ಸಿದ್ಧಪಡಿಸಿದ 104 ನಿಮಿಷಗಳ ಚಿತ್ರವು ಕಂಪ್ಯೂಟರಿನಲ್ಲಿ ಎಲ್ಲಿಯೂ ತಡವರಿಸದೆ ಓಡುತ್ತಿತ್ತು. ಅದನ್ನು ಡಿವಿಡಿಗೆ ಬರ್ನ್ ಮಾಡಲು, ಅಂದರೆ ಲೇಸರಿನಿಂದ ಬರೆಯಲು, ಕುಳಿತ ಮೇಲೆ ದೋಷಗಳು ಒಂದರ ಬೆನ್ನಿಗೊಂದರಂತೆ ಎದುರಾದವು. ಕೊನೆಗೆ ಅದೇ ಚಿತ್ರ, ಅದೇ ಕಂಪ್ಯೂಟರು ಮತ್ತು ಅದೇ ಯುಎಸ್‌ಬಿ ಡ್ರೈವನ್ನು ಇಟ್ಟುಕೊಂಡು ಮೂರು ದಾರಿಗಳನ್ನು ಪರೀಕ್ಷಿಸಿದೆ: ಸಂಕಲನ ತಂತ್ರಾಂಶದಲ್ಲಿಯೇ ಇರುವ ಬರ್ನ್ ಗುಂಡಿ, ಪ್ರತಿಯೊಂದು ಹಂತವನ್ನೂ ಬೇರೆ ಬೇರೆ ತಂತ್ರಾಂಶದಲ್ಲಿ ಮಾಡುವ ಕ್ರಮ, ಮತ್ತು ಚಿತ್ರವನ್ನು ಬರಿಯ ಕಡತವಾಗಿ ಡಿಸ್ಕಿಗೆ ನಕಲಿಸುವ ಸುಲಭೋಪಾಯ.

ಮೊದಲನೆಯ ದಾರಿಯ ಆಕರ್ಷಣೆ ಎಲ್ಲರಿಗೂ ಗೊತ್ತಿರುವಂಥದೇ. ಗುಂಡಿ ಒತ್ತಿದರೆ ಸಾಕು, ಚಿತ್ರವನ್ನು ಡಿವಿಡಿ ಪ್ಲೇಯರುಗಳು ಓದುವ ಎಂಪೆಗ್-2 ರೂಪಕ್ಕೆ ಪರಿವರ್ತಿಸುವುದು, ಮೆನು ಜೋಡಿಸುವುದು, ಡಿಸ್ಕಿಗೆ ಬರೆಯುವುದು ಎಲ್ಲವೂ ಒಂದೇ ಓಟದಲ್ಲಿ ನಡೆಯುತ್ತವೆ. ತೊಂದರೆಯೂ ಅಲ್ಲಿಯೇ ಇದೆ. ನನ್ನ ಮೊದಲ ಪ್ರಯತ್ನ ಶೇಕಡಾ 38ಕ್ಕೆ ನಿಂತು, ಪರದೆಯ ಮೇಲೆ ಅರ್ಥವಾಗದ ಒಂದು ಸಂಖ್ಯೆ ಮಾತ್ರ ಕಾಣಿಸಿಕೊಂಡಿತು. ಡಿಸ್ಕಿನದೇ ತಪ್ಪೆಂದು ತಿಳಿದು ಇನ್ನೊಂದನ್ನು ಹಾಕಿದೆ. ಅದೂ ಶೇಕಡಾ 38ಕ್ಕೇ ನಿಂತಿತು. ಎರಡು ಸಲವೂ ಒಂದೇ ಜಾಗದಲ್ಲಿ ನಿಂತದ್ದೇ ದೊಡ್ಡ ಸುಳಿವೆಂಬುದು ಆಗ ನನಗೆ ಹೊಳೆಯಲಿಲ್ಲ. ಮೂರನೆಯ ಸಲ ಚಿತ್ರದ ಮೊದಲ ಅರ್ಧ ಗಂಟೆಯನ್ನಷ್ಟೇ ಬರೆದಾಗ ಕೆಲಸವೇನೋ ಮುಗಿಯಿತು, ಆದರೆ ಟಿವಿಯ ಪಕ್ಕದ ಹಳೆಯ ಪ್ಲೇಯರು ಆ ಡಿಸ್ಕನ್ನು ಗುರುತಿಸಲೇ ಇಲ್ಲ. ಬರೆದ ಮೇಲೆ ಡಿಸ್ಕನ್ನು ಮುಚ್ಚುವ, ಅಂದರೆ ಫೈನಲೈಸ್ ಮಾಡುವ ಆಯ್ಕೆಯು ಸೆಟ್ಟಿಂಗುಗಳ ಮೂರನೆಯ ಪುಟದಲ್ಲೆಲ್ಲೋ ಅಡಗಿಕೊಂಡು ಚಾಲನೆಯಿಲ್ಲದೆ ಉಳಿದಿತ್ತು.

ಎರಡನೆಯ ದಾರಿಗೆ ಒಂದು ಇಡೀ ದಿನ ಹಿಡಿಯಿತು, ಆದರೆ ನಾನು ಕಲಿತದ್ದೆಲ್ಲ ಅಲ್ಲಿಯೇ. ಡ್ರೈವಿನಲ್ಲಿ ಡಿಸ್ಕನ್ನೇ ಇಡದೆ, ಚಿತ್ರವನ್ನು ಬರಿಯ ಎಂಪೆಗ್-2 ಕಡತವಾಗಿ ಹಾರ್ಡ್ ಡಿಸ್ಕಿಗೆ ಹೊರತೆಗೆಯಲು ಹೇಳಿದೆ. ಅದೂ ಮೊದಲಿನ ಜಾಗದಲ್ಲಿಯೇ ನಿಂತುಹೋಯಿತು. ಹಾಗಾದರೆ ಡ್ರೈವಿಗೂ ಡಿಸ್ಕಿಗೂ ಈ ದೋಷಕ್ಕೂ ಸಂಬಂಧವೇ ಇರಲಿಲ್ಲ! ಹಾಳಾದವೆಂದು ಬದಿಗಿಟ್ಟಿದ್ದ ಮೊದಲ ಎರಡು ಡಿಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ಬರೆದ ಭಾಗದಲ್ಲಿ ಕಾಣಬೇಕಾದ ಬಣ್ಣದ ವ್ಯತ್ಯಾಸ ಎಲ್ಲಿಯೂ ಇರಲಿಲ್ಲ. ಅವು ಖಾಲಿಯಾಗಿಯೇ ಉಳಿದಿದ್ದವು. ದೋಷದ ಮೂಲ ಆ ಜಾಗದಲ್ಲಿದ್ದ ಮೊಬೈಲಿನ ಒಂದು ತುಣುಕು. ಮೊಬೈಲುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿನ ಫ್ರೇಮುಗಳ, ಅಂದರೆ ಬಿಡಿ ಚಿತ್ರಗಳ, ಸಂಖ್ಯೆಯನ್ನು ಏರಿಳಿಸುವುದುಂಟು, ಡಿವಿಡಿ ವಿಡಿಯೋಗೆ ಮಾತ್ರ ಸ್ಥಿರ ಸಂಖ್ಯೆಯೇ ಬೇಕು: ಭಾರತದ ಟಿವಿಗಳ ಪಾಲ್ ಪದ್ಧತಿಯಲ್ಲಿ 720×576 ಪಿಕ್ಸೆಲ್ ಅಳತೆಯಲ್ಲಿ 25, ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 720×480 ಅಳತೆಯಲ್ಲಿ 29.97. ಆ ತುಣುಕನ್ನು ಮೊದಲೇ 25ಕ್ಕೆ ಪರಿವರ್ತಿಸಿ ಸಂಕಲನದಲ್ಲಿ ಮರಳಿ ಕೂರಿಸಿದ ಮೇಲೆ ಪರಿವರ್ತನೆ ಕೊನೆಯವರೆಗೆ ಸಾಗಿತು. ದೋಷವು ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದರೆ ಚಿತ್ರವನ್ನು ಅನುಮಾನಿಸಬೇಕು, ಜಾಗ ಬದಲಾಗುತ್ತಿದ್ದರೆ ಡಿಸ್ಕು, ಡ್ರೈವು, ಕೇಬಲ್ಲುಗಳನ್ನು ಅನುಮಾನಿಸಬೇಕು ಎಂಬ ಪದ್ಧತಿಯನ್ನು ಅಂದಿನಿಂದ ಇಟ್ಟುಕೊಂಡಿದ್ದೇನೆ.

ಮುಂದಿನದು ಲೆಕ್ಕದ ಪ್ರಶ್ನೆ. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ ಹಿಡಿಯುತ್ತದೆಂದು ಹೊದಿಕೆಯ ಮೇಲೆ ಬರೆದಿರುತ್ತದೆ. ವಿಂಡೋಸ್ ಅದನ್ನೇ ಹೊದಿಕೆಯ 1000ದ ಬದಲು 1024ರ ಲೆಕ್ಕದಲ್ಲಿ 4.38 ಎಂದು ತೋರಿಸುವುದರಿಂದ, 4.5 ಎಂದು ಕಾಣುವ ಫೋಲ್ಡರು ಹಿಡಿಯಬಹುದೆಂದು ನಂಬಿದವರು ಕೊನೆಯ ಗಳಿಗೆಯಲ್ಲಿ ಮುಗ್ಗರಿಸುತ್ತಾರೆ. 104 ನಿಮಿಷವೆಂದರೆ 6,240 ಸೆಕೆಂಡು, ಒಂದು ಬೈಟಿಗೆ ಎಂಟು ಬಿಟ್ಟಿನಂತೆ 4.7 ಜಿಬಿಯನ್ನು ಅಷ್ಟಕ್ಕೆ ಹಂಚಿದರೆ ಚಿತ್ರಕ್ಕೂ ಧ್ವನಿಗೂ ಸೇರಿ ಸೆಕೆಂಡಿಗೆ ಸುಮಾರು 6 ಮೆಗಾಬಿಟ್ಟಿಗಿಂತ ಹೆಚ್ಚು ಸಿಗುವುದಿಲ್ಲ. ಮೊದಲನೆಯ ದಾರಿಯ ತಂತ್ರಾಂಶವು ‘ಉತ್ತಮ ಗುಣಮಟ್ಟ’ ಎಂಬ ಹೆಸರಿನಲ್ಲಿ ಚಿತ್ರಕ್ಕೆ 8 ಮೆಗಾಬಿಟ್ಟನ್ನೂ, ಧ್ವನಿಗೆ ಸಂಕುಚಿತಗೊಳಿಸದ ಪಿಸಿಎಂ ರೂಪದಲ್ಲಿ 1.5 ಮೆಗಾಬಿಟ್ಟನ್ನೂ ಕೊಡುತ್ತಿತ್ತು. ಶೇಕಡಾ 38ರ ಗಂಡಾಂತರವನ್ನು ದಾಟಿದ್ದರೂ ಅದು ಡಿಸ್ಕಿನಲ್ಲಿ ಹಿಡಿಯುತ್ತಿರಲಿಲ್ಲ. ಧ್ವನಿಯನ್ನು 192 ಕಿಲೋಬಿಟ್ಟಿನ ಸಂಕುಚಿತ ಎಸಿ-3 ರೂಪಕ್ಕೆ, 48 ಕಿಲೋಹರ್ಟ್ಸ್‌ಗೆ ತಂದು, ಚಿತ್ರಕ್ಕೆ ಸರಾಸರಿ 5.2 ಮೆಗಾಬಿಟ್ ಕೊಟ್ಟೆ. ಸರಾಸರಿಯಷ್ಟೇ ಅಲ್ಲ, ಗರಿಷ್ಠ ಮಿತಿಯೂ ಮುಖ್ಯ. ಡಿವಿಡಿಯಲ್ಲಿ ಚಿತ್ರದ ಮಿತಿ 9.8 ಮೆಗಾಬಿಟ್, ಎಲ್ಲವೂ ಸೇರಿ 10.08. ಅದಕ್ಕೆ ತೀರ ಹತ್ತಿರ ಹೋದ ದೃಶ್ಯಗಳಲ್ಲಿ ಹಳೆಯ ಪ್ಲೇಯರುಗಳು ತೊದಲುವುದನ್ನು ಕಂಡು ನಾನು 8ಕ್ಕೆ ಕಟ್ಟುಹಾಕಿದೆ.

ಮೆನುವಿಗೆ ಮತ್ತು ಡಿವಿಡಿಯ ಫೋಲ್ಡರು ರಚನೆಗೆ ಡಿವಿಡಿಸ್ಟೈಲರ್ ಬಳಸಿದೆ. ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ, ನೋಟಕ್ಕೆ ಸ್ವಲ್ಪ ಹಳೆಯ ಕಾಲದ್ದು, ಕೆಲಸಕ್ಕೆ ಸಾಕು. ಈ ಹಂತದಲ್ಲಿ ಎದುರಾದ ದೋಷಕ್ಕೆ ಕಾರಣ ನಾನೇ: ಕಡತಗಳಿದ್ದ ಫೋಲ್ಡರಿಗೆ ಅಭಿಮಾನದಿಂದ ಕನ್ನಡದಲ್ಲಿ ಉದ್ದನೆಯ ಹೆಸರಿಟ್ಟಿದ್ದೆ, ಅದನ್ನು ಇಂಗ್ಲಿಷಿನ ನಾಲ್ಕಕ್ಷರಕ್ಕೆ ಬದಲಿಸಿದೊಡನೆ ಕಡತ ಸಿಗುತ್ತಿಲ್ಲವೆಂಬ ತಕರಾರು ನಿಂತಿತು. ಸಿದ್ಧವಾದ ಡಿವಿಡಿಯ ಕಡತಗಳ ವಿಡಿಯೋ ಟಿಎಸ್ (VIDEO_TS) ಫೋಲ್ಡರನ್ನು ವಿಎಲ್‌ಸಿ ಎಂಬ ವಿಡಿಯೋ ನೋಡುವ ತಂತ್ರಾಂಶದಲ್ಲಿ ತೆರೆದು ಮೆನುವಿನ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಡಿಸ್ಕು ಖರ್ಚಾಗದೆ ಮೆನುವಿನ ತಪ್ಪು ಕಾಣುವುದು ಇಲ್ಲಿಯೇ. ಒಂದು ಗುಂಡಿ ತಪ್ಪು ಅಧ್ಯಾಯಕ್ಕೆ ಹಾರುತ್ತಿದ್ದುದು ಹೀಗೆಯೇ ಗೊತ್ತಾಯಿತು.

ಆ ಬಳಿಕ ಫೋಲ್ಡರಿನಿಂದ ಐಎಸ್‌ಒ ಕಡತ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು, ಮಾಡಿ ಇಮ್ಗ್‌ಬರ್ನ್ ಎಂಬ ಡಿಸ್ಕು ಬರೆಯುವ ತಂತ್ರಾಂಶದಿಂದ ಬರೆದೆ. ಇದರ ಕೊನೆಯ ಆವೃತ್ತಿ 2.5.8 ಹೊರಬಂದದ್ದು 2013ರಲ್ಲಿ, ಆದರೂ ದೋಷವನ್ನು ಹೆಸರು ಹಿಡಿದು ಹೇಳುವುದರಲ್ಲಿ ಅದು ನನ್ನ ಬರ್ನ್ ಗುಂಡಿಗಿಂತ ಬಹಳ ಮುಂದಿದೆ. ನನಗೆ ಬಂದದ್ದು ‘ಪವರ್ ಕ್ಯಾಲಿಬ್ರೇಶನ್ ಏರಿಯಾ ಎರರ್’. ಬರೆಯುವ ಮೊದಲು ಡ್ರೈವು ಡಿಸ್ಕಿನ ಒಳಭಾಗದಲ್ಲಿ ಲೇಸರಿನ ಶಕ್ತಿಯನ್ನು ಅಳೆದು ನೋಡುತ್ತದೆ. ಆ ಡಿಸ್ಕಿಗೆ ಹೊಂದುವ ಮಟ್ಟ ಸಿಗದಿದ್ದರೆ ಈ ಸಂದೇಶ ಬರುತ್ತದೆ. ಕಳಪೆ ಡಿಸ್ಕು, ಧೂಳು ಹಿಡಿದ ಲೆನ್ಸು, ಸಾಲದ ವಿದ್ಯುತ್ತು, ಮೂರೂ ಇದಕ್ಕೆ ಕಾರಣವಾಗಬಲ್ಲವು. ನನ್ನ ಡ್ರೈವನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದೆ. ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಹಾಕಿದ ಮೇಲೆ ಆ ದೋಷ ಮತ್ತೆ ಬರಲಿಲ್ಲ.

ಬರೆದು ಮುಗಿದ ಮೇಲಿನ ಪರಿಶೀಲನೆಯಲ್ಲಿ ಮಾತ್ರ ಒಂದು ಅಗ್ಗದ ಡಿಸ್ಕು ಕೊನೆಯ ಭಾಗದಲ್ಲಿ ಸೋತಿತು. ಡಿಸ್ಕಿಗೆ ಬರೆಯುವುದು ಒಳಗಿನಿಂದ ಹೊರಕ್ಕೆ. ಅಂಚಿನ ಕಡೆ ಹೋದಂತೆ ತಯಾರಿಕೆಯ ಕುಂದುಗಳು ಹೆಚ್ಚು ಬಾಧಿಸುತ್ತವೆ. 8ರ ಬದಲು 4 ಪಟ್ಟು ವೇಗದಲ್ಲಿ ಬರೆದಾಗ ಅದೇ ಪೊಟ್ಟಣದ ಡಿಸ್ಕುಗಳು ತೇರ್ಗಡೆಯಾದವು. ಚಿತ್ರದ ಒಟ್ಟು ಗಾತ್ರ 4.2 ಜಿಬಿಗೆ ಇಳಿದಿದ್ದರಿಂದ ತೀರ ಅಂಚಿನವರೆಗೆ ಹೋಗುವ ಅಗತ್ಯವೂ ಇರಲಿಲ್ಲ. ಇಂಥ ಪರೀಕ್ಷೆಗಳಿಗೆ ಅಳಿಸಿ ಬರೆಯಬಹುದಾದ ಒಂದು ಆರ್‌ಡಬ್ಲ್ಯು ಡಿಸ್ಕನ್ನು ಮೊದಲೇ ಇಟ್ಟುಕೊಂಡಿದ್ದರೆ ಕಸದ ಬುಟ್ಟಿ ಇಷ್ಟು ತುಂಬುತ್ತಿರಲಿಲ್ಲ.

ಒಮ್ಮೆ ಬರೆಯಬಹುದಾದ ಡಿಸ್ಕುಗಳ ಎರಡು ಬಗೆಗಳಾದ ಡಿವಿಡಿ ಮೈನಸ್ ಆರ್ ಮತ್ತು ಪ್ಲಸ್ ಆರ್‌ಗಳ ನಡುವೆ ನನಗೆ ಕಂಡ ವ್ಯತ್ಯಾಸ ಒಂದೇ: ಹಳೆಯ ಪ್ಲೇಯರು ಮೈನಸ್ಸನ್ನು ಕೂಡಲೇ ಓದಿತು, ಪ್ಲಸ್ಸನ್ನು, ಡಿಸ್ಕು ಯಾವ ಬಗೆಯದೆಂದು ಪ್ಲೇಯರಿಗೆ ತಿಳಿಸುವ ಬುಕ್‌ಟೈಪ್ ಎಂಬ ಗುರುತನ್ನು ಡಿವಿಡಿ-ಆರ್‌ಒಎಂ (DVD-ROM) ಎಂದು ಬದಲಿಸಿ ಬರೆದ ಮೇಲೆಯೇ ಒಪ್ಪಿಕೊಂಡಿತು. ಎಲ್ಲ ಡ್ರೈವುಗಳೂ ಈ ಬದಲಾವಣೆಗೆ ಅವಕಾಶ ಕೊಡುವುದಿಲ್ಲ.

ಮೂರನೆಯ ದಾರಿಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಎಚ್.264 ಎಂಬ ಹೊಸ ಬಗೆಯ ಸಂಕುಚಿತ ರೂಪದ ಎಂಪಿ4 ಕಡತವನ್ನು ಹಾಗೆಯೇ ಡಿಸ್ಕಿಗೆ ನಕಲಿಸಿದೆ. ಒಂದು ದೋಷವೂ ಬರಲಿಲ್ಲ, ಚಿತ್ರದ ಸ್ಪಷ್ಟತೆಯೂ ಎಂಪೆಗ್-2ಕ್ಕಿಂತ ಮೇಲಿತ್ತು. ಕಂಪ್ಯೂಟರಿನಲ್ಲಿ ನೋಡುವವರಿಗೆ ಇದೇ ಸರಿ, ಅವರಿಗೆ ಪೆನ್‌ಡ್ರೈವು ಇನ್ನೂ ಸರಿ. ಆದರೆ ನಾನು ಯಾರಿಗಾಗಿ ಡಿಸ್ಕು ಮಾಡಲು ಹೊರಟಿದ್ದೆನೋ ಆ ಹಿರಿಯರ ಪ್ಲೇಯರು ಕಡತದ ಹೆಸರನ್ನು ತೋರಿಸಿ ಸುಮ್ಮನಾಯಿತು. ಅವರಿಗೆ ಎರಡನೆಯ ದಾರಿಯ ಡಿಸ್ಕನ್ನೇ ಕೊಟ್ಟೆ. ಐಎಸ್‌ಒ ಕಡತ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವುದರಿಂದ, ಈಗ ಯಾರಾದರೂ ಇನ್ನೊಂದು ಪ್ರತಿ ಕೇಳಿದರೆ ಬರೆಯಲು ಸುಮಾರು 13 ನಿಮಿಷ, ಪರಿಶೀಲಿಸಲು ಇನ್ನೊಂದಿಷ್ಟು ಹೊತ್ತು ಸಾಕಾಗುತ್ತದೆ.